ತತ್ತಿ ಕೆಡುವುದು ಕೋಳಿ ಕಾವಿಗೆ ಕೂರುವ ಮೊದಲೇ

ಏಪ್ರಿಲ್‌ನಲ್ಲಿ ಕಾವಿಗೆ ಇಟ್ಟ ಹದಿನೈದು ತತ್ತಿಯಲ್ಲಿ ನಾಲ್ಕೈದೇ ಮರಿ ಹೊರಬಂದರೆ ಬೈಗುಳ ಬೀಳುವುದು ಕೋಳಿಗೆ. ಸರಿಯಾಗಿ ಕಾವು ಕೊಡಲಿಲ್ಲ ಎಂಬ ದೂರು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಂಥ ಬಿಸಿಲ ಸೀಮೆಯಲ್ಲಿ ಈ ದೂರು ಬಹುಪಾಲು ಅನ್ಯಾಯದ್ದು. ಕೋಳಿ ತನ್ನ ಕೆಲಸ ಮಾಡಿರುತ್ತದೆ. ತತ್ತಿಯೊಳಗಿನ ಜೀವ ಅದು ಕೂರುವ ಮೊದಲೇ ಹೋಗಿರುತ್ತದೆ.

ಹುಂಜದ ಜೊತೆ ಕೂಡಿದ ಕೋಳಿಯ ತತ್ತಿ ಹೊರಬೀಳುವಾಗಲೇ ಅದರ ಹಳದಿಯ ಮೇಲೆ ಹತ್ತಾರು ಸಾವಿರ ಜೀವಕೋಶಗಳ ಪುಟ್ಟ ಬಿಲ್ಲೆಯೊಂದು ಇರುತ್ತದೆ. ತಾಯಿಯ ಮೈಯೊಳಗೆ ಸುಮಾರು 41 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ದಿನ ಬೆಳೆದ ಭ್ರೂಣ ಅದು. ಹೊರಗೆ ಬಂದು ತಣ್ಣಗಾದರೆ ಬೆಳವಣಿಗೆ ನಿಲ್ಲಿಸಿ ನಿದ್ದೆಗೆ ಜಾರುತ್ತದೆ. 20 ಡಿಗ್ರಿಯ ಆಸುಪಾಸಿನಲ್ಲಿ ಈ ನಿದ್ದೆ ಭದ್ರ. ಬೇರೆ ಬೇರೆ ದಿನ ಇಟ್ಟ ತತ್ತಿಗಳು ಒಟ್ಟಿಗೇ ಮರಿಯಾಗುವುದು ಈ ನಿದ್ದೆಯಿಂದಲೇ. ಕೋಳಿ ಕೂತು ಶಾಖವನ್ನು 37.5 ಡಿಗ್ರಿಯ ಹತ್ತಿರಕ್ಕೆ ತಂದಾಗ ಎಲ್ಲವೂ ಒಮ್ಮೆಗೇ ಎದ್ದು, 21ನೇ ದಿನದ ಸುಮಾರಿಗೆ ಚಿಪ್ಪು ಒಡೆಯುತ್ತವೆ.

ಅಪಾಯ ಇರುವುದು ಇವೆರಡರ ನಡುವಿನ ಶಾಖದಲ್ಲಿ. 27ರಿಂದ 35 ಡಿಗ್ರಿಯೊಳಗೆ ದಿನಗಟ್ಟಲೆ ಉಳಿದ ಭ್ರೂಣ ಅರೆಬರೆ ಎಚ್ಚರಗೊಂಡು, ಹದ ತಪ್ಪಿ ಬೆಳೆದು ಸಾಯುತ್ತದೆ. ಬೇಸಿಗೆಯಲ್ಲಿ ಬಳ್ಳಾರಿಯ ಹಗಲಿನ ಶಾಖ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗಿನ ಬುಟ್ಟಿ ರಾತ್ರಿಯಾದರೂ ಬೇಗ ಆರುವುದಿಲ್ಲ. ಕುರುಗೋಡಿನ ಬಂಡೆಗುಡ್ಡಗಳ ಬುಡದಲ್ಲಂತೂ ಕಲ್ಲು ಹಗಲು ಹೀರಿದ ಬಿಸಿಯನ್ನು ರಾತ್ರಿ ಉಗುಳುತ್ತದೆ. ಅಂಥ ಮನೆಯಲ್ಲಿ ಹತ್ತು ದಿನ ಕೂಡಿಟ್ಟ ತತ್ತಿಯಿಂದ ಮರಿ ನಿರೀಕ್ಷಿಸುವುದು ಕಷ್ಟ.

ಇದಕ್ಕೆ ಫ್ರಿಜ್ ಬೇಕಿಲ್ಲ, ಮಡಕೆ ಸಾಕು. ಅಗಲ ಬೋಗುಣಿಯಲ್ಲಿ ಒದ್ದೆ ಮರಳು, ಅದರಲ್ಲಿ ಅರ್ಧ ಹೂತ ಮಡಕೆ, ಮಡಕೆಯೊಳಗೆ ಒಣಹುಲ್ಲು, ಬಾಯಿಗೆ ತೆಳು ಬಟ್ಟೆ. ನಮ್ಮ ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಒಳಗೆ ಚೆನ್ನಾಗಿ ತಂಪಾಗುತ್ತದೆ. ತತ್ತಿಯ ಅಗಲದ ತುದಿ ಮೇಲಿರಲಿ, ತೊಳೆಯುವುದು ಬೇಡ. ಚಿಪ್ಪಿನ ಮೇಲಿನ ತೆಳುಪದರ ಹೋದರೆ ರೋಗಾಣುಗಳಿಗೆ ದಾರಿ ಸಲೀಸು. ಚಳಿಗಾಲದಲ್ಲಿ ಒಂದು ವಾರದ ತತ್ತಿ ನಡೆಯುತ್ತದೆ, ಬೇಸಿಗೆಯಲ್ಲಿ ಮೂರು ನಾಲ್ಕು ದಿನ ಮೀರಬಾರದು. ಒಂದೇ ಕೋಳಿಯಿಂದ ಅಷ್ಟು ದಿನದಲ್ಲಿ ಹತ್ತು ಹನ್ನೆರಡು ತತ್ತಿ ಆಗುವುದಿಲ್ಲ. ಪಕ್ಕದ ಮನೆಯ ಹೊಸ ತತ್ತಿ ತಂದು ಸೇರಿಸಿ, ಹಳೆಯದನ್ನು ಅಡುಗೆಗೆ ಕೊಡುವುದೇ ಲೆಕ್ಕಕ್ಕೆ ಸರಿ.

ಕೋಳಿ ಕೂರುವುದು ಹಟದಿಂದಲ್ಲ. ಮಿದುಳಿನ ಬುಡದ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದಾಗ ತತ್ತಿ ಇಡುವುದು ನಿಲ್ಲುತ್ತದೆ, ಹೊಟ್ಟೆಯ ಗರಿ ಉದುರಿ ಬರಿ ಚರ್ಮ ತತ್ತಿಗೆ ತಾಗುತ್ತದೆ. ಆ ಸ್ಪರ್ಶವೇ ಪ್ರೊಲ್ಯಾಕ್ಟಿನ್ನನ್ನು ಏರಿಸಿಯೇ ಇಡುತ್ತದೆ. ಮರಿ ಬೇಡವೆಂದಾಗ ಮೂಗಿಗೆ ಪುಕ್ಕ ಚುಚ್ಚುವುದು, ನೀರಿಗೆ ಅದ್ದುವುದು ಬರೀ ಹಿಂಸೆ. ಗೂಡಿನಿಂದ ತೆಗೆದು, ಕೆಳಗಿನಿಂದ ಗಾಳಿಯಾಡುವ ಜಾಲರಿ ತಳದ ಪಂಜರದಲ್ಲಿ ಬೆಳಕು, ಮೇವು, ನೀರು ಕೊಟ್ಟು ಕೆಲವು ದಿನ ಇಟ್ಟರೆ ಸ್ಪರ್ಶ ತಪ್ಪಿ ಹಾರ್ಮೋನು ತಾನಾಗಿ ಇಳಿಯುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯಲ್ಲಿ ಕಾವಿನ ಗುಣ ಕಡಿಮೆ. ಅದರ ತತ್ತಿಗೂ ಕಾವು ಬೇಕೆಂದರೆ ಜವಾರಿ ಕೋಳಿಯೇ ಗತಿ.

ಮೂರು ವಾರದಲ್ಲಿ ತತ್ತಿ ತನ್ನ ತೂಕದ ಶೇ. 12ರಷ್ಟನ್ನು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಕಳೆದುಕೊಳ್ಳುತ್ತದೆ. ಮಾರ್ಚ್ ನಂತರದ ಒಣಗಾಳಿಯಲ್ಲಿ ಅದು ಹೆಚ್ಚಾಗಿ, ಒಳಪೊರೆ ಗಟ್ಟಿಯಾಗಿ ಮರಿಗೆ ಅಂಟುತ್ತದೆ. ಕೊನೆಯ ಮೂರು ದಿನ ಗೂಡಿನ ಸುತ್ತಲ ನೆಲಕ್ಕೆ ನೀರು ಚಿಮುಕಿಸಿ. ಮರಿಗೆ ಸಹಾಯವೆಂದು ಚಿಪ್ಪು ಬಿಡಿಸಬೇಡಿ. ಪೊರೆಯ ರಕ್ತನಾಳಗಳು ಇನ್ನೂ ಜೀವಂತವಾಗಿದ್ದರೆ ರಕ್ತ ಸೋರಿ ಮರಿ ಸಾಯುತ್ತದೆ.

ಹುಟ್ಟುವ ಮುನ್ನ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಮೊದಲ ದಿನ ಅದಕ್ಕೆ ಹಸಿವಿನ ಕಾಟವಿಲ್ಲ. ಉಳಿದ ತತ್ತಿಗಳಿಗಾಗಿ ತಾಯಿ ಕೂತೇ ಇದ್ದರೆ ಎಬ್ಬಿಸಬೇಡಿ. ಎದ್ದ ಮೇಲೆ ನೀರು ಕೊಡುವ ತಟ್ಟೆಯಲ್ಲಿ ಸಣ್ಣ ಕಲ್ಲುಗಳಿರಲಿ, ಮರಿ ಮುಳುಗುವುದು ತಪ್ಪುತ್ತದೆ. ಸಿರುಗುಪ್ಪದ ಅಕ್ಕಿ ಮಿಲ್ಲುಗಳಿಂದ ಹಾಸಿಗೆಗೆ ಭತ್ತದ ಹೊಟ್ಟು, ತಿನ್ನಲು ನುಚ್ಚು ಸಿಗುತ್ತದೆ. ಆದರೆ ಮರಿಯ ಆಹಾರದಲ್ಲಿ ಶೇ. 20ರಷ್ಟು ಪ್ರೋಟೀನು ಬೇಕು, ನುಚ್ಚಿನಲ್ಲಿರುವುದು ಶೇ. 8ರ ಸುಮಾರು. ಬರೀ ನುಚ್ಚು ತಿಂದ ಮರಿ ಬದುಕಿದರೂ ಬೆಳೆಯುವುದಿಲ್ಲ. ಹಿರಿಯರು ಗೆದ್ದಲು ಹಿಡಿದು ತಂದು ಹಾಕುತ್ತಿದ್ದುದು ಬಹಳ ಸರಿಯಾದ ಪದ್ಧತಿ. ಅದಾಗದಿದ್ದರೆ ಮೊದಲ ತಿಂಗಳು ಮರಿಗಳ ಸಿದ್ಧ ಮೇವು ಕೊಡಿ. ಹೊಸದಾಗಿ ಔಷಧಿ ಹೊಡೆದ ಭತ್ತ, ಮೆಣಸಿನಕಾಯಿ ಹೊಲಕ್ಕೆ ತಾಯಿ-ಮರಿಗಳನ್ನು ಬಿಡಬೇಡಿ.

ತಾಯಿಯಿಲ್ಲದೆ ಬಲ್ಬಿನಡಿ ಸಾಕುವ ಮರಿಗೆ ಮೊದಲ ವಾರ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರರಷ್ಟು ಇಳಿಸಬೇಕು. ಮೇ ತಿಂಗಳ ಹಗಲಲ್ಲಿ ಗಾಳಿಯೇ ಅದಕ್ಕಿಂತ ಬಿಸಿ, ಬಲ್ಬು ಆರಿಸಿ. ಮರಿಗಳು ಗುಂಪುಗೂಡಿ ಕೂಗಿದರೆ ಚಳಿ, ಕೊಕ್ಕು ತೆರೆದು ದೂರ ದೂರ ಬಿದ್ದಿದ್ದರೆ ಸೆಕೆ. ಥರ್ಮಾಮೀಟರಿಗಿಂತ ಈ ಗುರುತನ್ನು ನಂಬಿ.

ಇಷ್ಟೆಲ್ಲ ಮಾಡಿ ಲಸಿಕೆ ಬಿಟ್ಟರೆ ಕೊಕ್ಕರೆ ರೋಗ ಇಡೀ ಓಣಿಯ ಕೋಳಿಗಳನ್ನು ಒಯ್ಯಬಲ್ಲದು. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರಕ್ಕೆ ಇನ್ನೊಮ್ಮೆ. ತೊಡಕೆಂದರೆ, ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಮರಿಗಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ಐಸಿನಲ್ಲಿಟ್ಟರೂ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿಗಳಿಗಾಗಿ ಯಾರೂ ಸೀಸೆ ಒಡೆಯುವುದಿಲ್ಲ. ಆದ್ದರಿಂದ ಓಣಿಯ ನಾಲ್ಕೈದು ಮನೆಯವರು ಮಾತಾಡಿಕೊಂಡು, ಬಿಸಿಲು ಇಳಿದ ಮೇಲೆ ಒಂದೇ ವಾರದಲ್ಲಿ ಕೋಳಿಗಳನ್ನು ಕಾವಿಗೆ ಕೂರಿಸಿ. ಮರಿ ಹೊರಬಂದ ವಾರವೇ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ ಎಲ್ಲ ಮರಿಗಳಿಗೂ ಒಟ್ಟಿಗೆ ಲಸಿಕೆ ಹಾಕಿಸಿ.