ಮುಚ್ಚುತ್ತೇವೆ ಎಂದಾಗ ಬೆಳೆದ ರೇಡಿಯೊ

2010ರ ಮಾರ್ಚ್ 2ರಂದು ಬಿಬಿಸಿಯ ಅಂದಿನ ಮಹಾನಿರ್ದೇಶಕ ಮಾರ್ಕ್ ಥಾಂಪ್ಸನ್ ಪ್ರಕಟಿಸಿದ ಮರುಹೊಂದಾಣಿಕೆ ಯೋಜನೆಯಲ್ಲಿ ಮುಚ್ಚಬೇಕಾದ ಕೇಂದ್ರಗಳ ಸಾಲೊಂದಿತ್ತು. ‘6 ಮ್ಯೂಸಿಕ್’ ಎಂಬ ರೇಡಿಯೊ ಕೇಂದ್ರದ ಹೆಸರು ಅದರಲ್ಲಿತ್ತು. ರಾಕ್ ಮತ್ತು ಅದರ ಆಸುಪಾಸಿನ ಸಂಗೀತವನ್ನು ನೆಚ್ಚಿಕೊಂಡಿದ್ದ ಈ ಕೇಂದ್ರವನ್ನು ಆಗ ವಾರಕ್ಕೆ ಸುಮಾರು 7 ಲಕ್ಷ ಜನ ಕೇಳುತ್ತಿದ್ದರು. ಬ್ರಿಟನ್ನಿನಂಥ ದೇಶದಲ್ಲಿ ಅದು ದೊಡ್ಡ ಲೆಕ್ಕವೇನಲ್ಲ. ಆದರೆ ಮುಚ್ಚುವ ಸುದ್ದಿ ಹೊರಬಿದ್ದದ್ದೇ ತಡ, ಕೇಳುಗರು ಲಂಡನ್ನಿನಲ್ಲಿರುವ ಬಿಬಿಸಿಯ ಕೇಂದ್ರ ಕಚೇರಿ ಬ್ರಾಡ್‌ಕಾಸ್ಟಿಂಗ್ ಹೌಸ್ ಎದುರು ಬಂದು ನಿಂತರು. ಡೇವಿಡ್ ಬೋವೀ ಅವರಂಥ ಹಿರಿಯ ಗಾಯಕರು ಕೇಂದ್ರದ ಪರವಾಗಿ ದನಿಗೂಡಿಸಿದರು. ಕೆಲವೇ ತಿಂಗಳಲ್ಲಿ ಕೇಳುಗರ ಸಂಖ್ಯೆ 10 ಲಕ್ಷ ದಾಟಿತು. ಜುಲೈ 5ರಂದು ಬಿಬಿಸಿಯ ಅಂದಿನ ಮೇಲ್ವಿಚಾರಣಾ ಮಂಡಳಿಯಾದ ಬಿಬಿಸಿ ಟ್ರಸ್ಟ್ ಮುಚ್ಚುವ ಪ್ರಸ್ತಾವವನ್ನು ತಳ್ಳಿಹಾಕಿತು. ಆಮೇಲಿನ ಹತ್ತು ವರ್ಷಗಳಲ್ಲಿ ಅದೇ ಕೇಂದ್ರ 25 ಲಕ್ಷ ಕೇಳುಗರನ್ನು ಮುಟ್ಟಿತು. ಸೊರಗಿದ ರಾಕ್ ರೇಡಿಯೊವೊಂದು ಕೇಳುಗರನ್ನು ಗಳಿಸುವ ಬಗೆ ಯಾವುದು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೇಂದ್ರದ ಚರಿತ್ರೆ ಚಿಕ್ಕದು. 2002ರ ಮಾರ್ಚ್ 11ರಂದು ಅದು ಶುರುವಾಯಿತು. ಹುಟ್ಟಿನಿಂದಲೇ ಡಿಜಿಟಲ್ ಪ್ರಸಾರವಾದ್ದರಿಂದ ಮನೆಯ, ಕಾರಿನ ಮಾಮೂಲಿ ಎಫ್‌ಎಂ ಪೆಟ್ಟಿಗೆಯಲ್ಲಿ ಸಿಗುತ್ತಿರಲಿಲ್ಲ. ಹೀಗಾಗಿ ಬಹುಪಾಲು ಬ್ರಿಟಿಷರಿಗೆ ಅಂಥದ್ದೊಂದು ಕೇಂದ್ರವಿದೆ ಎಂಬುದೇ ಗೊತ್ತಿರಲಿಲ್ಲ. ಅದರ ನಿಜವಾದ ಬಂಡವಾಳ ಬಿಬಿಸಿಯ ಉಗ್ರಾಣದಲ್ಲಿತ್ತು. ರೇಡಿಯೊ 1ರಲ್ಲಿ ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದ ಕಾರ್ಯಕ್ರಮಗಳಿಗಾಗಿಯೇ ನಾಲ್ಕು ಸಾವಿರಕ್ಕೂ ಹೆಚ್ಚು ‘ಸೆಷನ್’ಗಳು ಧ್ವನಿಮುದ್ರಣಗೊಂಡಿದ್ದವು. ಹೆಸರು ಮಾಡದ ಬ್ಯಾಂಡೊಂದನ್ನು ಕರೆಸಿ, ಒಂದೇ ದಿನದಲ್ಲಿ ಮೂರು ನಾಲ್ಕು ಹಾಡು ನುಡಿಸಿ ಹಾಡಿಸಿ ಮುದ್ರಿಸಿಕೊಳ್ಳುವ ಪದ್ಧತಿ ಅದು. ಈ ಹಳೆಯ ಮುದ್ರಣಗಳನ್ನು ಧೂಳಿನಿಂದ ಎತ್ತಿ ಹೊಸ ಹಾಡುಗಳ ಪಕ್ಕದಲ್ಲಿ ಕೂರಿಸುವ ಕೆಲಸವನ್ನು 6 ಮ್ಯೂಸಿಕ್ ಕೈಗೆತ್ತಿಕೊಂಡಿತು.

ಈ ಪದ್ಧತಿ ಮನುಷ್ಯರೂಪ ತಾಳಿದರೆ ಹೇಗಿರುತ್ತದೆ ಎಂಬುದಕ್ಕೆ ಮಾರ್ಕ್ ರೈಲಿ ಅವರನ್ನು ನೋಡಬೇಕು. ಮ್ಯಾಂಚೆಸ್ಟರಿನ ರೈಲಿ ಹದಿಹರೆಯದಲ್ಲೇ ‘ದಿ ಫಾಲ್’ ಬ್ಯಾಂಡ್ ಸೇರಿದವರು. ಪೀಲ್ ಅವರಿಗೆ ಅತ್ಯಂತ ಪ್ರಿಯವಾಗಿದ್ದ ಬ್ಯಾಂಡ್ ಅದು. ಅವರ ಕಾರ್ಯಕ್ರಮಕ್ಕಾಗಿ ಒಟ್ಟು 24 ಸೆಷನ್ ನೀಡಿತು. ಮೊದಲ ವರ್ಷಗಳ ಸೆಷನ್‌ಗಳಲ್ಲಿ ಬಿಬಿಸಿ ಸ್ಟುಡಿಯೊದ ಗಾಜಿನ ಈಚೆ ನಿಂತು ನುಡಿಸಿದವರಲ್ಲಿ ರೈಲಿಯೂ ಒಬ್ಬರು. ಬ್ಯಾಂಡಿನ ನಾಯಕ ಮಾರ್ಕ್ ಇ. ಸ್ಮಿತ್ ತಮ್ಮನ್ನು ಹೊರಹಾಕಿದ ಮೇಲೆ ರೈಲಿ ತಮ್ಮದೇ ‘ದಿ ಕ್ರೀಪರ್ಸ್’ ಕಟ್ಟಿದರು, ‘ಇನ್ ಟೇಪ್’ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆ ನಡೆಸಿದರು. ನಂತರ ಮಾರ್ಕ್ ರಾಡ್‌ಕ್ಲಿಫ್ ಅವರ ಜೋಡಿಯಾಗಿ, ‘ಲಾರ್ಡ್’ ಎಂಬ ಅಡ್ಡಹೆಸರಿನಲ್ಲಿ ರೇಡಿಯೊಕ್ಕೆ ಬಂದರು. 1997ರಲ್ಲಿ ಈ ಜೋಡಿಗೆ ರೇಡಿಯೊ 1ರ ಬೆಳಗಿನ ಕಾರ್ಯಕ್ರಮವೇ ಸಿಕ್ಕಿತಾದರೂ ಅಲ್ಲಿ ಅವರು ಬಹಳ ದಿನ ನಿಲ್ಲಲಿಲ್ಲ. ದೊಡ್ಡ ಕೇಂದ್ರದ ಬೆಳಗಿಗೆ ಒಗ್ಗದ ಅದೇ ಮನುಷ್ಯ 6 ಮ್ಯೂಸಿಕ್‌ನ ಸಂಜೆಯಲ್ಲಿ ಮನೆಮಾತಾದರು. ಮ್ಯಾಂಚೆಸ್ಟರಿನಿಂದ ನೇರ ಪ್ರಸಾರದಲ್ಲಿ ಬ್ಯಾಂಡ್‌ಗಳನ್ನು ಕರೆಸಿ ನುಡಿಸಿದರು. ಗಾಜಿನ ಈಚೆ ನಿಂತವನ ಅಳುಕು ಏನೆಂದು ಬಲ್ಲವರು ಆಚೆ ಕುಳಿತಾಗ, ಬಂದ ಹುಡುಗರ ಜತೆಗಿನ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಪಲ್ಪ್ ತಂಡದ ಜಾರ್ವಿಸ್ ಕಾಕರ್, ಎಲ್ಬೋದ ಗೈ ಗಾರ್ವಿ, ಕ್ಯಾಟಟೋನಿಯಾದ ಕೆರಿಸ್ ಮ್ಯಾಥ್ಯೂಸ್, ಮುಂದೆ ಇಗ್ಗಿ ಪಾಪ್ ಕೂಡ ಈ ಕೇಂದ್ರದಲ್ಲಿ ನಿರೂಪಕರಾದರು. ತಾರೆಯರ ಹೆಸರು ಮಾರುವ ಉಪಾಯವಷ್ಟೇ ಆಗಿದ್ದರೆ ಇದು ಇಷ್ಟು ಕಾಲ ನಡೆಯುತ್ತಿರಲಿಲ್ಲ. ಈ ಹಾಡು ಯಾಕೆ ಎಂದು ಕೇಳಿದರೆ ಇವರೆಲ್ಲರ ಬಳಿಯೂ ಉತ್ತರವಿರುತ್ತದೆ.

ಹೋಲಿಕೆಗೆ ಲಂಡನ್ನಿನ ಇನ್ನೊಂದು ಕೇಂದ್ರವನ್ನು ಇಟ್ಟು ನೋಡಬಹುದು. 1997ರಲ್ಲಿ ‘ಎಕ್ಸ್‌ಎಫ್‌ಎಂ’ ಪರ್ಯಾಯ ರಾಕ್‌ಗೆಂದೇ ಆರಂಭವಾಯಿತು. ಮರುವರ್ಷ ಕ್ಯಾಪಿಟಲ್ ಸಂಸ್ಥೆ ಕೊಂಡ ಮೇಲೆ ಅದರ ಪಟ್ಟಿ ಜನಪ್ರಿಯ ಹಾಡುಗಳತ್ತ ವಾಲಿತು, ಮೊದಲ ಕೇಳುಗರು ಸಿಡಿಮಿಡಿಗೊಂಡರು. 2007ರಲ್ಲಿ ಆ ಕೇಂದ್ರ ಇನ್ನೊಂದು ಪ್ರಯೋಗಕ್ಕಿಳಿಯಿತು: ಹಗಲು ಹೊತ್ತಿನ ನಿರೂಪಕರನ್ನೇ ಕೈಬಿಟ್ಟು ಹಾಡಿನ ಆಯ್ಕೆಯನ್ನು ಕೇಳುಗರಿಗೆ ಒಪ್ಪಿಸಿತು. ಕೇಳುಗನೇ ದೊರೆ ಎನ್ನುವ ಕಾಲಕ್ಕೆ ಇದು ತಕ್ಕದ್ದೇ ಎನಿಸಬೇಕಿತ್ತು. ಆದರೆ ಪ್ರಯೋಗ ಹೆಚ್ಚು ಕಾಲ ಬಾಳಲಿಲ್ಲ, ನಿರೂಪಕರು ಮರಳಿದರು. ಬೇಕಾದ ಹಾಡನ್ನು ತಾನೇ ಹಾಕಿಕೊಳ್ಳಬಲ್ಲವನಿಗೆ ರೇಡಿಯೊ ಯಾಕೆ ಬೇಕು? ತನಗೆ ಗೊತ್ತಿಲ್ಲದ್ದನ್ನು ನಂಬಿಕಸ್ಥರೊಬ್ಬರು ಮುಂದಿಡಲಿ ಎಂದೇ ಅವನು ರೇಡಿಯೊ ಹಚ್ಚುವುದು.

ಹಾಡೇ ಮುಖ್ಯ, ಮಾತುಗಾರನಲ್ಲ ಎಂಬ ಆಕ್ಷೇಪಕ್ಕೆ ನಮ್ಮ ಆಕಾಶವಾಣಿಯ ಚರಿತ್ರೆಯೇ ಸಾಕ್ಷಿ ಒದಗಿಸುತ್ತದೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ ಚಿತ್ರಗೀತೆಗಳಿಗೆ ಕಡಿವಾಣ ಬಿದ್ದು ಕೇಳುಗರು ರೇಡಿಯೊ ಸಿಲೋನಿಗೆ ವಲಸೆ ಹೋದರು. ಅವರನ್ನು ಮರಳಿ ಕರೆತರಲು 1957ರಲ್ಲಿ ವಿವಿಧ ಭಾರತಿ ಹುಟ್ಟಬೇಕಾಯಿತು. ಅಲ್ಲಿ ಜನ ಹೋದದ್ದೂ ಬಂದದ್ದೂ ಹಾಡಿಗಾಗಿ ಎಂಬುದು ನಿಜ. ಆದರೆ ಅಂದು ವಿರಳವಾಗಿದ್ದದ್ದು ಹಾಡು. ಇಂದು ಹಾಡು ಎಲ್ಲರ ಜೇಬಿನಲ್ಲಿದೆ, ಆರಿಸಿಕೊಡುವವರು ವಿರಳ. ಇನ್ನು, 6 ಮ್ಯೂಸಿಕ್ ಬೆಳೆದದ್ದು ಗದ್ದಲದ ಪ್ರಚಾರದಿಂದ ಎನ್ನುವವರಿದ್ದಾರೆ. ಬಾಗಿಲು ತೆರೆದದ್ದು ಪ್ರಚಾರವೇ, ಒಪ್ಪಬೇಕು. ಕುತೂಹಲಕ್ಕೆ ಇಣುಕಿದವರು ಗದ್ದಲ ತಣ್ಣಗಾದ ಮೇಲೂ ಉಳಿದರಲ್ಲ, ಅದಕ್ಕೆ ಮಾತ್ರ ಪ್ರಚಾರ ಉತ್ತರವಾಗದು.

ಹೆಚ್ಚು ತೂಕದ ಆಕ್ಷೇಪ ಹಣದ್ದು. ಬಿಬಿಸಿಗೆ ಜನ ಕಟ್ಟುವ ಲೈಸೆನ್ಸ್ ಶುಲ್ಕವಿದೆ, ಜಾಹೀರಾತು ನಂಬಿದ ಕೇಂದ್ರ ಇಂಥ ಸಾಹಸ ಮಾಡೀತೇ? ಇದಕ್ಕೆ ಉತ್ತರ ಸಿಗುವುದು ಅಮೆರಿಕದ ಸಿಯಾಟಲ್‌ನಲ್ಲಿ. 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹತ್ತು ವ್ಯಾಟ್‌ನ ‘ಕೆಸಿಎಂಯು’ ಆಗಿ ಹುಟ್ಟಿದ ಕೇಂದ್ರವೇ ಇಂದು ಕೇಳುಗರ ದೇಣಿಗೆಯನ್ನು ನೆಚ್ಚಿ ನಡೆಯುವ ‘ಕೆಇಎಕ್ಸ್‌ಪಿ’. 1992ರಲ್ಲಿ ಅದರ ಆಡಳಿತ ಸ್ವಯಂಸೇವಕರ ಅವಧಿಗಳನ್ನು ಮೊಟಕುಗೊಳಿಸಿ ಹೊರಗಿನ ಸಿದ್ಧ ಕಾರ್ಯಕ್ರಮ ತಂದಾಗ ಕೇಳುಗರು ದೇಣಿಗೆ ತಡೆಹಿಡಿಯಿರಿ ಎಂದು ಕರೆಕೊಟ್ಟರು. ಅದೇ ಕೇಂದ್ರ ಮುಂದೆ ಊರಿನ ನಿರೂಪಕರನ್ನೂ ಸ್ಟುಡಿಯೊ ಸೆಷನ್‌ಗಳನ್ನೂ ಆಧಾರವಾಗಿಟ್ಟು ಬೆಳೆಯಿತು. 2018ರಲ್ಲಿ, ಪೂರ್ಣ ಹೆಸರು ಹೊರಗೆಡಹದ ಕೇಳುಗರೊಬ್ಬರು ತಮ್ಮ ಉಯಿಲಿನಲ್ಲಿ ಅದಕ್ಕೆ ಸುಮಾರು ಒಂದು ಕೋಟಿ ಡಾಲರ್ ಬಿಟ್ಟುಹೋದದ್ದು ಬಹಿರಂಗವಾಯಿತು. ಎಲ್ಲ ಊರಿಗೂ ಇಂಥ ದಾನಿ ಸಿಗುವುದಿಲ್ಲ. ಆದರೂ ದೇಣಿಗೆ ತಡೆಯುವ ಕೈಯೂ ಕೊಡುವ ಕೈಯೂ ಅಳೆಯುವುದು ಒಂದನ್ನೇ: ಮೈಕಿನ ಹಿಂದೆ ಯಾರಿದ್ದಾರೆ ಎಂಬುದನ್ನು.

ಇಷ್ಟಾಗಿಯೂ ಈ ಕತೆಯ ಒಂದು ಎಳೆ ಮನಸ್ಸಿಗೆ ಚುಚ್ಚುತ್ತದೆ. 6 ಮ್ಯೂಸಿಕ್‌ಗೆ ತನ್ನವರು ಯಾರೆಂದು ತಿಳಿದದ್ದು ಸಾವಿನ ದಿನ ಗೊತ್ತಾದ ಮೇಲೆ. ಬಿಬಿಸಿಯ ಪ್ರಸ್ತಾವಕ್ಕೂ ತೀರ್ಮಾನಕ್ಕೂ ನಡುವೆ ನಾಲ್ಕು ತಿಂಗಳ ಬಿಡುವಿತ್ತು, ಅಷ್ಟರಲ್ಲಿ ಕೇಳುಗರು ಒಗ್ಗೂಡಿದರು. 1968ರಿಂದ ಬಾಸ್ಟನ್ ನಗರಕ್ಕೆ ರಾಕ್ ಕೇಳಿಸಿದ ‘ಡಬ್ಲ್ಯುಬಿಸಿಎನ್’ಗೆ ಆ ಬಿಡುವು ಸಿಗಲಿಲ್ಲ, 2009ರ ಜುಲೈಯಲ್ಲಿ ಸುದ್ದಿ ಬಂತು, ಆಗಸ್ಟಿನಲ್ಲಿ ಅದರ ಪ್ರಸಾರ ನಿಂತಿತು. ಮಾಲೀಕರ ಕಡತದಲ್ಲಿ ಕೇಳುಗರ ಸಂಖ್ಯೆಗೆ ಜಾಗವಿರುತ್ತದೆ, ಅವರ ಅಕ್ಕರೆಗೆ ಇರುವುದಿಲ್ಲ. ಅದನ್ನು ಅಳೆಯುವಷ್ಟು ಕಾಲ ಕಾಯುವ ಮಾಲೀಕರು ಕಡಿಮೆ. ಆದ್ದರಿಂದ ಬ್ಯಾಂಡಿನ ಹುಡುಗರನ್ನು ಸ್ಟುಡಿಯೊಕ್ಕೆ ಕರೆಸಿ ನುಡಿಸುವ ನಿರೂಪಕರು ಎಲ್ಲಾದರೂ ಉಳಿದಿದ್ದರೆ, ಅವರನ್ನು ಮುಚ್ಚುವ ಸುದ್ದಿ ಬರುವ ಮೊದಲೇ ಕೇಳಬೇಕು.