ಕಟ್ಟುವ ಕೈಗೆ ಹಾರುವ ಪಾಠವೂ ಬೇಕು

ಏಪ್ರಿಲ್ ಮಧ್ಯಾಹ್ನ ಶಿವಯೋಗ ಮಂದಿರದ ಸುತ್ತಲಿನ ಹೊಲಗಳೂ ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳೂ ಕಾದು ಕೆಂಡವಾಗಿರುತ್ತವೆ. ಮಲಪ್ರಭೆಯ ದಂಡೆಯ ಬಯಲಿನಲ್ಲಿ, ತಾವೇ ಕಟ್ಟಿದ ಹಗುರ ವಿಮಾನವನ್ನು ಯಾರೋ ಹಾರಿಸಲು ಹೊರಟಿದ್ದಾರೆ ಅಂದುಕೊಳ್ಳಿ. ಬಾದಾಮಿ ಸಮುದ್ರಮಟ್ಟದಿಂದ ಸುಮಾರು 580 ಮೀಟರ್ ಎತ್ತರದಲ್ಲಿದೆ. ಬಿಸಿಲು 40 ಡಿಗ್ರಿ ಮುಟ್ಟಿದಾಗ ಗಾಳಿ ಹಿಗ್ಗಿ ತೆಳುವಾಗುತ್ತದೆ. ಲೆಕ್ಕ ಹಾಕಿದರೆ ವಿಮಾನದ ಪಾಲಿಗೆ ಅದು ಸುಮಾರು 1,600 ಮೀಟರ್ ಎತ್ತರದ ಗಾಳಿ. ರೆಕ್ಕೆಯ ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ತಗ್ಗುತ್ತವೆ. ಬೆಳಿಗ್ಗೆ ಆರಕ್ಕೆ ಸಾಕಾದ ಓಟದ ಹಾದಿ ಮಧ್ಯಾಹ್ನ ಎರಡಕ್ಕೆ ಸಾಲದೆ ಹೋಗಬಹುದು. ಮೇಲೇರಿದರೂ ಕಾದ ಬಂಡೆಗಳಿಂದ ಏಳುವ ಬಿಸಿಗಾಳಿ ಒಂದು ಕಡೆ ಎತ್ತಿ ಹಾಕುತ್ತದೆ, ಗುಡ್ಡದ ಮರೆಯ ಸುಳಿಗಾಳಿ ಇನ್ನೊಂದು ಕಡೆ ಕೆಳಕ್ಕೆ ಒತ್ತುತ್ತದೆ.

ಆಗಲೇ ಎಂಜಿನ್ ನಿಂತಿತು ಎನ್ನಿ. ಬೈಕಾದರೆ ರಸ್ತೆ ಬದಿಗೆ ನಿಲ್ಲಿಸಬಹುದಿತ್ತು. ಕೊಳವೆ, ತಂತಿ, ಬಟ್ಟೆಯಿಂದ ಕಟ್ಟಿದ ವಿಮಾನಕ್ಕೆ ಜಡತ್ವ ಕಡಿಮೆ, ಗಾಳಿಯ ತಡೆ ಹೆಚ್ಚು. ಏರುತ್ತಿರುವಾಗ ಎಂಜಿನ್ ಕೈಕೊಟ್ಟರೆ ಕೆಲವೇ ಸೆಕೆಂಡುಗಳಲ್ಲಿ ವೇಗ ಕುಸಿಯುತ್ತದೆ. ನೆಲ ಎದ್ದು ಬರುತ್ತಿದೆ ಎನ್ನಿಸಿದೊಡನೆ ಕಲಿಯದ ಕೈ ಕಂಟ್ರೋಲ್ ಸ್ಟಿಕ್ಕನ್ನು ತನ್ನತ್ತ ಎಳೆಯುತ್ತದೆ. ಮೂತಿ ಮೇಲಾಗುತ್ತದೆ, ರೆಕ್ಕೆಗೂ ಎದುರುಗಾಳಿಗೂ ನಡುವಿನ ಕೋನ 15 ಡಿಗ್ರಿಯ ಆಸುಪಾಸು ದಾಟುತ್ತದೆ, ರೆಕ್ಕೆಯ ಬೆನ್ನಿಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಳ್ಳುತ್ತದೆ. ಇದೇ ಸ್ಟಾಲ್. ಉಳಿಯಬೇಕಾದರೆ ಮನಸ್ಸು ಒಪ್ಪದ ಕೆಲಸ ಮಾಡಬೇಕು: ಸ್ಟಿಕ್ಕನ್ನು ಮುಂದಕ್ಕೆ ದೂಡಿ, ಬೀಳುತ್ತಿರುವಾಗಲೇ ನೆಲದ ಕಡೆಗೆ ಮೂತಿ ಇಳಿಸಬೇಕು. ಹೊರಟ ಜಾಗಕ್ಕೇ ಮರಳೋಣವೆಂದು ಗಕ್ಕನೆ ತಿರುಗಿಸುವುದು ಇನ್ನೂ ಕೆಟ್ಟದ್ದು. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಬೇಕಾದರೆ ರೆಕ್ಕೆ ಎರಡು ಪಟ್ಟು ಭಾರ ಹೊರಬೇಕು. ಸ್ಟಾಲ್ ಆಗುವ ವೇಗ ಶೇ 41ರಷ್ಟು ಏರಿಬಿಡುತ್ತದೆ.

ಪುಸ್ತಕ ಓದಿ, ವಿಡಿಯೊ ನೋಡಿ ಇದನ್ನು ತಿಳಿಯಬಹುದು, ಕೈಗೆ ಕಲಿಸಲಾಗದು. ಜರ್ಮನಿಯ ಒಟ್ಟೊ ಲಿಲಿಯಂಥಾಲ್ ತಾನೇ ಕಟ್ಟಿದ ಗ್ಲೈಡರುಗಳಲ್ಲಿ ಸುಮಾರು ಎರಡು ಸಾವಿರ ಸಲ ಹಾರಿದವನು. 1896ರ ಆಗಸ್ಟ್ 9ರಂದು ಸ್ಟಾಲ್ ಆಗಿ ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಮರುದಿನ ತೀರಿಕೊಂಡ. ಅಷ್ಟು ಪಳಗಿದವನನ್ನೇ ಬಿಡದ ಗಾಳಿ ಹೊಸಬರನ್ನು ಬಿಟ್ಟೀತೇ?

ನಮ್ಮಲ್ಲೇ ನೋಡಿ. 2020ರ ಅಕ್ಟೋಬರ್ 2ರಂದು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳ ಬಳಿ ಹೊಲಕ್ಕೆ ಇಳಿಯಬೇಕಾಯಿತು; ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಆ ವಿಮಾನದಲ್ಲಿ ಎರಡನೆಯ ಸೀಟಿತ್ತು, ಅದರಲ್ಲಿ ಬೋಧಕರಿದ್ದರು. ಅಮೆರಿಕದಲ್ಲಿ 115 ಕೆಜಿಯೊಳಗಿನ ಒಂಟಿ ಸೀಟಿನ ಅಲ್ಟ್ರಾಲೈಟ್ ಹಾರಿಸಲು ಲೈಸೆನ್ಸ್ ಬೇಡ. ಅಪಾಯದ ಬೇರು ಆ ಒಂಟಿ ಸೀಟಿನಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ತಿದ್ದುವವರಿಗೆ ಅಲ್ಲಿ ಜಾಗವೇ ಇಲ್ಲ.

ಕಟ್ಟುವ ಉಮೇದನ್ನು ನಾನು ಹಳಿಯುತ್ತಿಲ್ಲ, ಅದು ಬೇಕು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ವಿಜ್ಞಾನಿಗಳು ಕೂಡ, ಹವ್ಯಾಸಿಗಳು ಮನೆಯಲ್ಲಿ ಕಟ್ಟಿಕೊಳ್ಳಲೆಂದು ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಝೀ ವಿಮಾನವನ್ನು ಆಧರಿಸಿ ಎಲ್‌ಸಿಆರ್‌ಎ ಎಂಬ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ಬೆಂಗಳೂರಿನ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಹಗುರ ವಿಮಾನಗಳು ಯುರೋಪಿನಲ್ಲೂ ಹಾರಿದವು. ಆದರೆ ಬಜಾರಿನ ಬೋಲ್ಟು ವಿಮಾನದ ಬೋಲ್ಟಲ್ಲ. ಬಿಸಿಲಿಗೆ ರೆಕ್ಕೆಯ ಬಟ್ಟೆ ಸದ್ದಿಲ್ಲದೆ ಬಲ ಕಳೆದುಕೊಳ್ಳುತ್ತದೆ. ಎಂಜಿನ್ನನ್ನು ಒಂದು ಗೇಣು ಹಿಂದೆ ಕೂರಿಸಿದರೂ ತೂಕದ ಕೇಂದ್ರ ಸರಿದು ಮೂತಿ ಇಳಿಸಲಾಗದ ಸ್ಥಿತಿ ಬರಬಹುದು.

ಬಾಗಲಕೋಟೆ, ಹುನಗುಂದ, ಇಳಕಲ್ಲಿನ ತಮ್ಮಂದಿರೇ, ತಂಗಿಯರೇ, ವಿಮಾನ ಕಟ್ಟುವ ಮೊದಲು ಒಮ್ಮೆ ಬೆಳಗಾವಿಗೋ ಕಲಬುರಗಿಗೋ ಜಕ್ಕೂರಿಗೋ ಹೋಗಿ ಹಾರಾಟ ಶಾಲೆಯಲ್ಲಿ ವಿಚಾರಿಸಿ. ನಮ್ಮ ದೇಶದಲ್ಲಿ ಹಗುರ ವಿಮಾನಕ್ಕೂ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನೋಂದಣಿ ಬೇಕು, ಹಾರಿಸುವವರಿಗೆ ಲೈಸೆನ್ಸ್ ಬೇಕು. ಬೋಧಕರ ಪಕ್ಕ ಕುಳಿತು, ಸಾಕಷ್ಟು ಎತ್ತರದಲ್ಲಿ, ಬೇಕೆಂದೇ ಸ್ಟಾಲ್ ಮಾಡಿಸಿ ಹೊರಬರುವುದನ್ನು ಕೈ ತಾನಾಗಿ ಮಾಡುವವರೆಗೂ ಕಲಿಯಿರಿ. ಅಲ್ಲಿಯವರೆಗೆ ನೀವು ಕಟ್ಟಿದ್ದು ಶೆಡ್ಡಿನಲ್ಲೇ ಇರಲಿ.