ಫಾಗ್ ಲ್ಯಾಂಪ್ ಮಂಕಾದಾಗ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಬದಿಯಲ್ಲಿ, ಪಂಕ್ಚರ್ ಅಂಗಡಿಗಳ ಪಕ್ಕದಲ್ಲೇ, ‘ಆಟೋ ಎಲೆಕ್ಟ್ರಿಕಲ್ಸ್’ ಎಂಬ ಬೋರ್ಡಿನ ಮಳಿಗೆಗಳು ಕಾಣಸಿಗುತ್ತವೆ. ಡೈನಮೋ, ಸೆಲ್ಫ್ ಮೋಟರ್ ರಿಪೇರಿ ಅಲ್ಲಿನ ದಿನನಿತ್ಯದ ಕೆಲಸ. ಆದರೆ ಈ ಕಸುಬುದಾರರ ವಿದ್ಯೆ ಒರೆಗೆ ಬೀಳುವುದು ಲಾರಿಗೆ ಆಮೇಲೆ ಕೂರಿಸಿದ ಹೆಚ್ಚುವರಿ ದೀಪಗಳು ಕೈಕೊಟ್ಟಾಗ. ಶಿರಾಡಿ ಘಾಟಿಯ ಮಳೆ-ಮಂಜಿನಲ್ಲಿ ರಸ್ತೆಯಂಚು ಕಾಣಲು ಡ್ರೈವರುಗಳು ನೆಚ್ಚಿಕೊಳ್ಳುವುದು ಬಂಪರಿನ ಈ ಫಾಗ್ ಲ್ಯಾಂಪುಗಳನ್ನೇ. ಕಂಪನಿಯ ವೈರಿಂಗಿಗೆ ನಕ್ಷೆಯಿರುತ್ತದೆ, ಇವಕ್ಕಿಲ್ಲ. ಯಾವ ಊರಿನಲ್ಲಿ ಯಾರು ಯಾವ ಬಣ್ಣದ ವೈರು ಎಳೆದರೋ ಲಾರಿ ಮಾಲೀಕರಿಗೂ ಗೊತ್ತಿರುವುದಿಲ್ಲ. ಹಾಗಾಗಿ ದೋಷ ಹುಡುಕುವುದು ಪೂರಾ ತರ್ಕದ ಕೆಲಸ. ಆ ತರ್ಕದ ತಳಪಾಯ ಒಂದೇ ಎಂಬುದು ನನ್ನ ವಾದ: ಅಳೆಯುವುದಾದರೆ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಕಾರಣ ಲೆಕ್ಕದಲ್ಲಿದೆ. ಭಾರಿ ಲಾರಿಗಳದ್ದು 24 ವೋಲ್ಟಿನ ವ್ಯವಸ್ಥೆ. 70 ವ್ಯಾಟಿನ ಎರಡು ದೀಪಗಳು ಸೇರಿ ಸುಮಾರು 6 ಆಂಪಿಯರ್ ಎಳೆಯುತ್ತವೆ. ಈ ಕರೆಂಟ್ ವೈರಿನಲ್ಲಿ ಬಂದು, ದೀಪ ಬೆಳಗಿ, ಚಾಸಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ಮರಳಬೇಕು. ಮರಳುವ ಈ ದಾರಿಯನ್ನೇ ಅರ್ತ್ ಎನ್ನುವುದು. ಬಣ್ಣದ ಮೇಲೆಯೇ ಬಿಗಿದ ಬೋಲ್ಟು, ಮಂಗಳೂರು ಬಂದರಿನ ಉಪ್ಪುಗಾಳಿಗೆ ಹಸಿರುಗಟ್ಟಿದ ತಾಮ್ರ ಅಲ್ಲಿ ಅರ್ಧ ಓಮ್ ತಡೆ ಒಡ್ಡಿದರೂ ಎರಡೂವರೆ ವೋಲ್ಟಿಗಿಂತ ಹೆಚ್ಚು ಅಲ್ಲೇ ಸೋರಿಹೋಗುತ್ತದೆ. ತಂತಿಯ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ, ಇಷ್ಟಕ್ಕೇ ಸುಮಾರು ಮೂರನೇ ಒಂದು ಭಾಗ ಬೆಳಕು ಹೋಯಿತು. ಜೊತೆಗೆ ಆ ಜಾಯಿಂಟಿನಲ್ಲಿ 13 ವ್ಯಾಟಿನಷ್ಟು ಶಾಖ. ಪ್ಲಾಸ್ಟಿಕ್ ಕನೆಕ್ಟರ್ ಮೆತ್ತಗಾಗಲು ಅಷ್ಟು ಸಾಕು. ಇನ್ನು ಬಲ್ಬ್ ಕಳಚಿ ಹೋಲ್ಡರಿಗೆ ಮೀಟರ್ ಹಿಡಿದರೆ ಅದು ಪೂರ್ತಿ 24 ವೋಲ್ಟ್ ತೋರಿಸುತ್ತದೆ! ಕರೆಂಟ್ ಹರಿಯದಿದ್ದರೆ ನಷ್ಟವೂ ಇಲ್ಲವಲ್ಲ. ಆಗ ತಪ್ಪು ಬಲ್ಬಿನ ತಲೆಗೆ ಬರುತ್ತದೆ, ಹೊಸ ಬಲ್ಬ್ ಬರುತ್ತದೆ, ಮಂಕು ಹಾಗೇ ಉಳಿಯುತ್ತದೆ. ಬಲ್ಲವರು ದೀಪ ಉರಿಸಿಟ್ಟು, ಮೀಟರಿನ ಒಂದು ಮೊನೆಯನ್ನು ದೀಪದ ಅರ್ತ್ ವೈರಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿಯುತ್ತಾರೆ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಎರಡು ದಾಟಿತೆಂದರೆ ಕಳ್ಳ ಸಿಕ್ಕಿದ ಹಾಗೆಯೇ.

ದೀಪ ಪೂರಾ ಸತ್ತಿದ್ದರೆ ಮೊದಲು ಕಿವಿ ಕೊಡುವುದು, ಸ್ವಿಚ್ಚಿನ ಮಾತು ಕೇಳಿ ದೀಪಕ್ಕೆ ಕರೆಂಟ್ ಬಿಡುವ ರಿಲೇಗೆ. ಸ್ವಿಚ್ ಒತ್ತಿದಾಗ ‘ಟಿಕ್’ ಎಂದರೆ ಸ್ವಿಚ್ಚಿಗೆ ಸೇರಿದ 85, 86ನೇ ಕಾಲುಗಳ ಕಡೆ ಸರಿಯಿದೆ. ಫ್ಯೂಸ್ ಇರುವ 30ನೇ ಕಾಲು ಮತ್ತು ದೀಪಕ್ಕೆ ಹೋಗುವ 87ನೇ ಕಾಲಿನ ಕಡೆ ಹುಡುಕಬೇಕು. ಸದ್ದಿಲ್ಲದಿದ್ದರೆ ಸ್ವಿಚ್ಚಿನ ದಾರಿ. ಇದಕ್ಕಿಂತ ಕೆಟ್ಟ ತೊಂದರೆ ಇನ್ನೊಂದಿದೆ: 24 ವೋಲ್ಟಿಗಾಗಿ ಸಾಲಾಗಿ ಜೋಡಿಸಿದ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದ್ದು ಕಾರಿನ ದೀಪ ಉರಿಸುವುದು. ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ. ಎರಡೂ ಬೇಗ ಹಾಳು.

ಬಿಎಸ್-6 ಲಾರಿಗಳ ಕಾಲದಲ್ಲಿ ಸ್ಕ್ಯಾನರ್ ಎಲ್ಲವನ್ನೂ ಹೇಳುವುದಿಲ್ಲವೇ ಎಂದು ಕೇಳಬಹುದು. ಸ್ಕ್ಯಾನರ್ ಓದುವುದು ಲಾರಿಯ ಕಂಪ್ಯೂಟರಾದ ಇಸಿಯುಗೆ ಗೊತ್ತಿರುವುದನ್ನು. ಬ್ಯಾಟರಿಯಿಂದ ನೇರ ಎಳೆದ ದೀಪ ಅದರ ಲೆಕ್ಕಕ್ಕೇ ಬರುವುದಿಲ್ಲ. ಎಲ್‌ಇಡಿ ಹಾಕಿದರೆ ತಾಪತ್ರಯ ಮುಗಿಯಿತು ಎಂಬುದರಲ್ಲಿ ಸ್ವಲ್ಪ ಸತ್ಯವಿದೆ. ಕರೆಂಟ್ ಕಡಿಮೆಯಾದಂತೆ ನಷ್ಟವೂ ಇಳಿಯುತ್ತದೆ. ಆದರೆ ಸಡಿಲ ಅರ್ತ್‌ಗೆ ಅದೂ ಮಿಣುಕುತ್ತದೆ. ಒಳಗಿನ ಸರ್ಕ್ಯೂಟ್ ಕೆಟ್ಟರೆ ಇಡೀ ದೀಪವನ್ನೇ ಬಿಸಾಡಬೇಕು. ಲಾರಿ ನಿಂತರೆ ಬಾಡಿಗೆ ಹೋಯಿತು, ಅಳೆಯುತ್ತ ಕೂರಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ ಕಳಿಸುವ ಅಪಾಯದ ಪದ್ಧತಿ ಹುಟ್ಟಿದ್ದೂ ಈ ಅವಸರದಿಂದಲೇ. ಹಾಗೆ ಕಳಿಸಿದ ಲಾರಿಯಲ್ಲಿ ಷಾರ್ಟ್ ಆದರೆ ಕರಗುವುದು ವೈರು, ಹೊತ್ತಿಕೊಳ್ಳುವುದು ಕ್ಯಾಬಿನ್. ಮೀಟರ್ ಹಿಡಿದು ನೋಡಲು ಬೇಕಾದದ್ದು ಕೆಲವೇ ನಿಮಿಷ. ಆಮೇಲಿನ ಕೆಲಸವೂ ದೊಡ್ಡದಲ್ಲ: ಬೋಲ್ಟಿನಡಿಯ ಬಣ್ಣವನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಒತ್ತಿ ಬಿಗಿದು, ನೀರು ಇಳಿಯದಂತೆ ಮೇಲೆ ಗ್ರೀಸ್ ಬಳಿಯುವುದು.